ಮೆಸ್ಕಲ್ ಹಬ್ಬಕ್ಕೆ ಹೊತ್ತು ತಂದ ಹೆಣ್ಣು

ಅಸ್ಕಾಲೆಯ ಎಡಗೈಯ ಕಿರುಬೆರಳು ನೆಟ್ಟಗಾಗುವುದಿಲ್ಲ. ಅದು ಮುರಿದದ್ದು ಅವಳು ಹತ್ತೊಂಬತ್ತರವಳಿದ್ದಾಗ, ಶಿಲುಬೆಯ ಹಬ್ಬವಾದ ಮೆಸ್ಕಲ್ಲಿಗೆ ಇನ್ನು ನಾಲ್ಕು ದಿನವಿದ್ದಾಗ. ಗುರಾಗೆ ಸೀಮೆಯ ನಮ್ಮ ಯೆಜೋರೆಯಲ್ಲಿ ಅವಳ ವಯಸ್ಸಿನ ಹೆಂಗಸರ ಮೈಮೇಲೆ ಇಂಥದೊಂದು ಗುರುತು ಇಲ್ಲದಿದ್ದರೆ ಅದೇ ಆಶ್ಚರ್ಯ. ಒಬ್ಬಳಿಗೆ ಮುಂದಿನ ಹಲ್ಲಿಲ್ಲ, ಒಬ್ಬಳು ಮೊಣಕಾಲು ಎಳೆದುಕೊಂಡು ನಡೆಯುತ್ತಾಳೆ, ಇನ್ನೊಬ್ಬಳ ಹುಬ್ಬು ಎರಡು ತುಂಡು. ಏನಾಯಿತೆಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಅಯ್ಯೋ, ಅದಾ? ನನ್ನ ಮದುವೆ ದಿನದ್ದು."

ಅವತ್ತು ಅಸ್ಕಾಲೆ ಸಂತೆಯಿಂದ ಬರುತ್ತಿದ್ದಳು. ತಲೆಯ ಮೇಲೆ ಬೆಣ್ಣೆಯ ಗಡಿಗೆ. ಅವರ ಕೇರಿಯ ಹೆಂಗಸರು ಸರದಿಯ ಮೇಲೆ ಕೂಡಿಟ್ಟ ಬೆಣ್ಣೆ ಆ ವರ್ಷ ಅವಳ ತಾಯಿಯ ಪಾಲಿಗೆ ಬಂದಿತ್ತು. ಹಿಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಅಣ್ಣ ನಿದಾ ಒಂದು ಹೋತವನ್ನು ಎಳೆದುಕೊಂಡು ಬರುತ್ತಿದ್ದ. ನೀಲಗಿರಿ ತೋಪಿನ ತಿರುವಿನಲ್ಲಿ ಆರು ಜನ ಮೇಲೆ ಬಿದ್ದರು. ಇಬ್ಬರು ಕಾಲು ಹಿಡಿದರು, ಇಬ್ಬರು ತೋಳು ಹಿಡಿದರು, ಒಬ್ಬ ಬಾಯಿಗೆ ಬಟ್ಟೆ ತುರುಕಲು ಬಂದ. ಅವಳು ಅವನ ಹೆಬ್ಬೆರಳನ್ನು ಮೂಳೆ ಸಿಗುವವರೆಗೂ ಕಚ್ಚಿದಳು. ಅವನು ಬಿಡಿಸಿಕೊಳ್ಳಲು ಅವಳ ಕೈಯನ್ನು ತಿರುಚಿದಾಗ ಕಿರುಬೆರಳು ಲಟಕ್ಕೆಂದಿತು. ಗಡಿಗೆ ಒಡೆದು ಬೆಣ್ಣೆಯೆಲ್ಲ ಕೆಸರಿಗೆ ಸೇರಿತು.

"ಬಿಡ್ರೋ ನನ್ನ ತಂಗೀನಾ!" ಎಂದು ನಿದಾ ಹೋತವನ್ನು ಬಿಟ್ಟು ಓಡಿ ಬಂದ. ಅವನ ಕೈಯಲ್ಲಿದ್ದದ್ದು ಹೋತ ಹೊಡೆಯುವ ತೆಳ್ಳನೆಯ ಕೋಲು. ಆರನೆಯವನ ಕೈಯಲ್ಲಿ ಗಂಟು ತಲೆಯ ದೊಣ್ಣೆಯಿತ್ತು. ಒಂದೇ ಏಟು. ನಿದಾ ನಿಂತಲ್ಲೇ ಕುಸಿದ. ಅವನ ಕಿವಿಯಿಂದ ರಕ್ತ ಬರುತ್ತಿದ್ದುದನ್ನು ಅಸ್ಕಾಲೆ ತಲೆಕೆಳಗಾಗಿ ನೋಡಿದಳು, ಅವಳನ್ನು ಹಾಗೆ ಹೊತ್ತುಕೊಂಡು ಓಡುತ್ತಿದ್ದರು.

ಹೊತ್ತು ತರಿಸಿದವನು ದೆಗು. ಎರಡು ಸಲ ಹೆಣ್ಣು ಕೇಳಿ ಕಳಿಸಿದ್ದ, ಅವಳು ಎರಡು ಸಲವೂ ಬೇಡ ಅಂದಿದ್ದಳು. ಅವನ ತಾಯಿ ವೊಲಾನ್ಸ ಬಾಗಿಲಲ್ಲೇ ನಿಂತು ಕಾಯುತ್ತಿದ್ದಳು. ಅಸ್ಕಾಲೆಯನ್ನು ಒಳಗೆ ಕೂರಿಸಿ, ಮದುಮಗಳಿಗೆ ಹಚ್ಚುವಂತೆ ತಲೆಗೆ ಬೆಣ್ಣೆ ಹಚ್ಚಿ, ಹೊರಗೆ ಬಂದು ಬಾಗಿಲಿಗೆ ಅಡ್ಡವಾಗಿ ಕೂತಳು. ಒಳಗಿನಿಂದ ಕೂಗು ಕೇಳಿದಾಗಲೆಲ್ಲ ಅಲ್ಲಿಂದಲೇ ಹೇಳುತ್ತಿದ್ದಳು: "ಅಭ್ಯಾಸ ಆಗುತ್ತೆ ಬಿಡು ಮಗಳೇ. ನಂಗೂ ಆಯ್ತು."

ಮೂರು ದಿನ ಆ ಬಾಗಿಲು ತೆರೆಯಲಿಲ್ಲ. ನಿದಾ ಹನ್ನೆರಡು ದಿನ ಮಾತಿಲ್ಲದೆ ಮಲಗಿದ್ದು ಸತ್ತ.

ಹಿರಿಯರು ಊರ ಮುಂದಿನ ಹುಲ್ಲು ಬೀದಿಯಲ್ಲಿ ಮರದ ಕೆಳಗೆ ಕೂತರು. ಸತ್ತ ಹುಡುಗನಿಗೆ ಇಷ್ಟು ದನ, ಹೊತ್ತು ತಂದ ಹುಡುಗಿಗೆ ಎರಡು ಹಸು, ಒಂದು ಕೊಡ ಜೇನು, ತಂದೆಗೆ ಒಂದು ದಪ್ಪ ಹೊದಿಕೆ. ಒಂದೇ ಪಂಚಾಯ್ತಿಯಲ್ಲಿ ಮಗನ ಸಾವೂ ಮಗಳ ಮದುವೆಯೂ ತೀರ್ಮಾನವಾದವು. ಅಸ್ಕಾಲೆ ತಂದೆಯ ಕಾಲು ಹಿಡಿದು ಕರೆದುಕೊಂಡು ಹೋಗು ಎಂದಳು. ಅವನು ಅವಳ ಮುಖ ನೋಡದೆ ಹೇಳಿದ: "ನಂಗೆ ಇನ್ನೂ ಇಬ್ಬರು ಗಂಡುಮಕ್ಕಳಿದಾರೆ. ಅವರನ್ನೂ ನನ್ನ ಕೈಲಿ ಮಣ್ಣು ಮಾಡಿಸ್ಬೇಡ ಮಗಳೇ."

ಅವಳು ಕಾಲು ಬಿಟ್ಟಳು.

ಆಮೇಲೆ ಇಪ್ಪತ್ತೆಂಟು ವರ್ಷ ಅದೇ ಮನೆ. ಬಾಳೆಯಂತೆ ಕಂಡರೂ ತಿನ್ನುವ ಹಣ್ಣು ಕೊಡದ ಎನ್ಸೆಟ್ ಗಿಡಗಳನ್ನು ಕಡಿಯುವುದು, ಹಲಗೆಗೆ ಒರಗಿಸಿ ಹೆರೆಯುವುದು, ಹೆರೆದದ್ದನ್ನು ಗುಂಡಿಯಲ್ಲಿ ಹೂತು ಹುಳಿ ಬರಿಸುವುದು, ಅದರಿಂದ ಕೋಚೋ ರೊಟ್ಟಿ ತಟ್ಟುವುದು. ದೆಗು ವರ್ಷದ ಹತ್ತು ತಿಂಗಳು ಅದಿಸ್ ಅಬಾಬಾದಲ್ಲಿ ಪಾತ್ರೆ ವ್ಯಾಪಾರ ಮಾಡುತ್ತಿದ್ದ, ಮೆಸ್ಕಲ್ಲಿಗೆ ಊರಿಗೆ ಬರುತ್ತಿದ್ದ. ಊರಿನ ಗಂಡಸರೆಲ್ಲ ಹಾಗೆಯೇ. ಆ ವಾರ ಬೀದಿಯ ತುಂಬ ಹೊಸ ಕೋಟುಗಳು, ತಾಯಂದಿರಿಗೆ ಛತ್ರಿ, ಅತ್ತಿಗೆಯರಿಗೆ ತಲೆವಸ್ತ್ರ. ಮನೆಮನೆಯಲ್ಲಿ ಕಾಫಿ ಹುರಿಯುವ ವಾಸನೆ. ಹಸಿ ಮಾಂಸ ಕೊಚ್ಚಿ, ಬೆಣ್ಣೆ ಖಾರ ಕಲಸಿ, ಕಿತ್ಫೋ ಎಂದು ತಟ್ಟೆ ತುಂಬ ಇಡುತ್ತಾರೆ. ಹಿರಿಯರು ಹರಸುತ್ತಾರೆ, ಜಗಳವಾಡಿದವರು ಒಂದಾಗುತ್ತಾರೆ. ಅಸ್ಕಾಲೆಗೂ ಈ ಹಬ್ಬವೆಂದರೆ ಇಷ್ಟವೇ. ಅವಳು ಅದನ್ನು ಮುಚ್ಚಿಡುತ್ತಿರಲಿಲ್ಲ. ಆದರೆ ಗಂಡ ಬಂದ ಎರಡನೆಯ ದಿನಕ್ಕೆ ಹೊಟ್ಟೆಗೆ ಸಾರಾಯಿ ಇಳಿದು, ಬೆಣ್ಣೆ ಕಡಿಮೆ ಎಂದೋ, ಕೋಚೋ ದಪ್ಪ ಎಂದೋ ಕೋಲು ಏಳುತ್ತಿತ್ತು. ಒಂದು ಹಬ್ಬದಲ್ಲಿ ಅವಳ ಪಕ್ಕೆಲುಬು ಮುರಿಯಿತು, ಇನ್ನೊಂದರಲ್ಲಿ ಐದು ತಿಂಗಳ ಬಸಿರು ಹೋಯಿತು. ಹಬ್ಬ ಯಾವಾಗ ಬರುತ್ತದೋ ಎಂದು ಕಾಯುವ ಮನಸ್ಸೇ ಯಾವಾಗ ಮುಗಿಯುತ್ತದೋ ಎಂದೂ ಕಾಯುತ್ತಿತ್ತು.

ಹಬ್ಬದಲ್ಲಿ ಹೆಂಗಸರು ಕೂತು ಕಾಫಿ ಕುಡಿಯುವಾಗ ಒಂದು ಮಾತು ಬಂದೇ ಬರುತ್ತಿತ್ತು.

"ನಿನ್ನನ್ನ ಎಷ್ಟು ಜನ ಹೊತ್ತರೇ?" ಎಂದು ಪಕ್ಕದ ಮನೆಯ ಜೆರ್ಫೆ ಶುರು ಮಾಡುತ್ತಿದ್ದಳು. ಸದಾ ನಗಿಸುವ ಹೆಂಗಸು.

"ನಾಲ್ಕು," ಎನ್ನುತ್ತಿದ್ದಳು ಒಬ್ಬಳು.

"ಅಷ್ಟೇನಾ? ಆಗ ಕಡ್ಡಿ ಇದ್ದಂಗಿದ್ದೆ ಬಿಡು. ನನ್ನನ್ನ ಎಂಟು ಜನ, ಒಂದು ಕತ್ತೆ!"

ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಅಸ್ಕಾಲೆಯೂ ನಗುತ್ತಿದ್ದಳು. ಮನೆಗೆ ಹೋಗುವಾಗ ದಾರಿಯಲ್ಲಿ ಬಾಯಿ ಕಹಿಯಾಗುತ್ತಿತ್ತು. ತಾವು ಏಕೆ ನಗುತ್ತೇವೆಂದು ಅವಳು ಎಷ್ಟೋ ಸಲ ಯೋಚಿಸಿದ್ದುಂಟು. ನಗದೆ ಹೇಳಿದರೆ ಆ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೋ ಎಂಬ ಹೆದರಿಕೆಯಿರಬೇಕು ಎಂದುಕೊಳ್ಳುತ್ತಿದ್ದಳು.

ಕಾನೂನು ಬದಲಾಯಿತೆಂದು ರೇಡಿಯೋದಲ್ಲಿ ಬಂತು. ಹೆಣ್ಣು ಹೊತ್ತು ತಂದರೆ ಜೈಲು, ಆಮೇಲೆ ಮದುವೆಯಾದರೂ ಜೈಲೇ. ಸರ್ಕಾರದ ಹೆಂಗಸೊಬ್ಬಳು ಬಂದು ಹುಲ್ಲು ಬೀದಿಯಲ್ಲಿ ನಿಂತು ಅದನ್ನೇ ಹೇಳಿದಳು. ಗಂಡಸರು ತಲೆಯಾಡಿಸಿದರು. ಅವಳ ಜೀಪು ತಿರುವು ದಾಟುತ್ತಿದ್ದಂತೆ ದೆಗು ಹೇಳಿದ: "ಇವಳನ್ನ ಹೊರೋಕೆ ಜೀಪೇ ಬೇಕು." ಮತ್ತೆ ನಗು.

ಅಸ್ಕಾಲೆಯ ಹಿರಿಯ ಮಗ ಸಾಹ್ಲೆ. ಚಿಕ್ಕವನಿದ್ದಾಗ ಅಪ್ಪ ಕೋಲೆತ್ತಿದರೆ ಅಡ್ಡ ಬಂದು ನಿಲ್ಲುತ್ತಿದ್ದ, ಅವಳಿಗೆ ಬೀಳುವ ಏಟುಗಳಲ್ಲಿ ಎಷ್ಟೋ ಅವನ ಬೆನ್ನಿಗೆ ಬಿದ್ದಿದ್ದವು. ಇಪ್ಪತ್ತಾರಕ್ಕೆ ಅದಿಸ್ಸಿನಲ್ಲಿ ಚಪ್ಪಲಿ ಅಂಗಡಿ ನೋಡಿಕೊಳ್ಳುತ್ತಿದ್ದ. ಪಕ್ಕದೂರಿನ ಬಿರ್ಕೆಯನ್ನು ಮದುವೆಯಾಗುತ್ತೇನೆಂದು ಕೇಳಿಸಿದ್ದ. ಬಿರ್ಕೆಗೆ ಇಪ್ಪತ್ತು, ಮೇಷ್ಟರ ತರಬೇತಿ ಓದುತ್ತಿದ್ದಳು. ಓದು ಮುಗಿಯುವವರೆಗೆ ಯಾರೂ ಬೇಡ, ಮುಗಿದ ಮೇಲೂ ಇವನು ಬೇಡ ಎಂದಿದ್ದಳಂತೆ. ಆ ಮಾತು ಸಾಹ್ಲೆಯ ಕಿವಿಗೆ ಅದಿಸ್ಸಿನವರೆಗೂ ಹೋಗಿ ಮುಟ್ಟಿತ್ತು.

ಆ ವರ್ಷ ಎತ್ತು ಕಡಿಯುವ ದಿನ, ನಡುಮಧ್ಯಾಹ್ನ. ಅಂಗಳದಲ್ಲಿ ಎಲೆ ಹಾಸಿ ಎತ್ತನ್ನು ಕೆಡವಿದ್ದರು. ಗಂಡಸರು ಮೊಣಕೈವರೆಗೆ ರಕ್ತ ಮಾಡಿಕೊಂಡು ಪಾಲು ಹಾಕುತ್ತಿದ್ದರು. ಬೀದಿಯ ತುದಿಯಲ್ಲಿ ಕೂಗು ಕೇಳಿತು. ಸಾಹ್ಲೆ ಮತ್ತು ಮೂವರು ಗೆಳೆಯರು ಒಬ್ಬ ಹುಡುಗಿಯನ್ನು ಕೈಕಾಲು ಹಿಡಿದು ಹೊತ್ತು ತರುತ್ತಿದ್ದರು. ಅವಳು ಮೀನಿನಂತೆ ಒದ್ದಾಡುತ್ತಿದ್ದಳು. ಬೀದಿಯ ಹೆಂಗಸರು ಕೆಲವರು ನಾಲಿಗೆ ಕುಣಿಸಿ ಹರ್ಷದ ಕೂಗು ಹಾಕಿದರು.

"ಸೊಸೆ ಬಂದ್ಲು ಕಣೇ!" ದೆಗು ಚೂರಿ ಹಿಡಿದ ಕೈಯಲ್ಲೇ ಬಾಗಿಲು ತೋರಿಸಿದ. "ಒಳಗೆ ಕರ್ಕೋ. ಬೆಣ್ಣೆ ಹಚ್ಚು. ಅವಳ ಕಡೆಯವರು ಬರೋದ್ರೊಳಗೆ ಕೆಲಸ ಮುಗಿಯಬೇಕು."

ಬಿರ್ಕೆಯ ತುಟಿ ಸೀಳಿತ್ತು, ಒಂದು ಕಾಲಲ್ಲಿ ಮಾತ್ರ ಶೂ ಇತ್ತು. ಅಸ್ಕಾಲೆ ಅವಳನ್ನು ಒಳಗಿನ ಕಂಬದ ಹತ್ತಿರ ಕೂರಿಸಿದಳು. ಆಗ ಅವಳ ತಲೆಯಲ್ಲಿ ಏನಿತ್ತೆಂದು ಅವಳಿಗೇ ತಿಳಿಯದು. ಕೈಗಳು ತಾವಾಗಿಯೇ ಬೆಣ್ಣೆಯ ಗಡಿಗೆಗೆ ಹೋದವು. ಹುಡುಗಿಯ ನೆತ್ತಿಗೆ ಬೆಣ್ಣೆ ಹಚ್ಚುತ್ತ ಅವಳು ಅಂದಳು: "ಅಳಬೇಡ. ಅಭ್ಯಾಸ ಆಗುತ್ತೆ ಬಿಡು ಮಗಳೇ."

ಹುಡುಗಿ ಅವಳ ಮುಖಕ್ಕೆ ಉಗಿದಳು. ಉಗುಳಿನಲ್ಲಿ ರಕ್ತವಿತ್ತು.

ಅಸ್ಕಾಲೆ ಒರೆಸಿಕೊಳ್ಳಲಿಲ್ಲ. ತನ್ನ ಬಾಯಿಂದ ಬಂದ ದನಿ ತನ್ನದಲ್ಲ, ಹತ್ತು ವರ್ಷದ ಹಿಂದೆ ಸತ್ತ ವೊಲಾನ್ಸಳದು ಎಂದು ಅವಳಿಗೆ ಗೊತ್ತಾಯಿತು.

ಅಷ್ಟರಲ್ಲಿ ಸಾಹ್ಲೆ ಒಳಗೆ ಬಂದ. ಬಿರ್ಕೆ ಎದ್ದು ಬಾಗಿಲಿಗೆ ನುಗ್ಗಿದಳು. ಅವನು ಅವಳ ಕೆನ್ನೆಗೆ ಬಾರಿಸಿದ ಏಟಿಗೆ ಅವಳು ಕಂಬಕ್ಕೆ ತಲೆ ಬಡಿದುಕೊಂಡು ಕೂತಳು.

"ಬಿಡು ಅವಳನ್ನ," ಎಂದಳು ಅಸ್ಕಾಲೆ.

"ನೀನು ಹೊರಗೆ ಹೋಗವ್ವ."

"ಅವಳನ್ನ ಅವಳ ಮನೆಗೆ ಬಿಟ್ಟು ಬರ್ತೀನಿ. ದಾರಿ ಬಿಡು ಸಾಹ್ಲೆ."

ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಮುಖದಲ್ಲಿ ಸಿಟ್ಟಿಗಿಂತ ಗಲಿಬಿಲಿಯೇ ಹೆಚ್ಚಿತ್ತು. "ನಿನ್ನನ್ನೂ ಹಿಂಗೇ ತಂದಿದ್ದಲ್ವಾ? ನೀನು ಬದುಕಿಲ್ವಾ? ನಾನು ಹುಟ್ಲಿಲ್ವಾ? ಇವಳದೇನು ಹೆಚ್ಚುಗಾರಿಕೆ?" ಎನ್ನುತ್ತ ಅವನು ಬಿರ್ಕೆಯ ಕೂದಲಿಗೆ ಕೈ ಹಾಕಿ ಎಳೆದ.

ಎನ್ಸೆಟ್ ಕಡಿಯುವ ಮಚ್ಚು ಗೋಡೆಗೆ ಒರಗಿತ್ತು. ಅಸ್ಕಾಲೆ ಮೊದಲು ಅದರ ಹಿಂಬದಿಯಿಂದ ಮಗನ ಬೆನ್ನಿಗೆ ಹೊಡೆದಳು. ಅವನು ತಿರುಗಿ ಅವಳನ್ನು ತಳ್ಳಿದ. ಅವಳು ಎರಡನೆಯ ಸಲ ಎತ್ತಿದಾಗ ಮಚ್ಚು ಕೈಯಲ್ಲಿ ಮಗುಚಿತ್ತೋ, ಅವಳೇ ಮಗುಚಿದಳೋ. ಈ ಪ್ರಶ್ನೆಯನ್ನು ಮುಂದೆ ನ್ಯಾಯಾಧೀಶರೂ ಕೇಳಿದರು, ಅವಳು ಗೊತ್ತಿಲ್ಲ ಎಂದಳು. ಸಾಹ್ಲೆ ತಡೆಯಲು ಬಲಗೈ ಎತ್ತಿದ. ಎರಡು ಬೆರಳು ನೆಲಕ್ಕೆ ಬಿದ್ದವು.

ಅವನು "ಅವ್ವಾ" ಎಂದ. ಚಿಕ್ಕಂದಿನಲ್ಲಿ ಮುಳ್ಳು ಚುಚ್ಚಿದಾಗ ಅನ್ನುತ್ತಿದ್ದ ಹಾಗೆಯೇ. ಮತ್ತೆ ಕೈ ನೋಡಿಕೊಂಡು ಅರಚತೊಡಗಿದ.

ಅರಚಾಟಕ್ಕೆ ದೆಗು ಓಡಿ ಬಂದ. ಬಾಗಿಲಲ್ಲೇ ಅವನ ಕೋಲು ಅಸ್ಕಾಲೆಯ ಹೆಗಲ ಮೇಲೆ ಬಿತ್ತು. ಕತ್ತಿನ ಕೆಳಗಿನ ಮೂಳೆ ಮುರಿದದ್ದು ಅವಳಿಗೆ ಸದ್ದಿನಿಂದಲೇ ತಿಳಿಯಿತು. ಒಂದು ಮೊಣಕಾಲೂರಿ ಬಿದ್ದಳು. ಅವನು ಮತ್ತೆ ಕೋಲೆತ್ತುವಷ್ಟರಲ್ಲಿ ಹಿಂದಿನಿಂದ ಬಿರ್ಕೆ ಕಾಫಿ ಕುಟ್ಟುವ ಒನಕೆಯನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮೊಣಕಾಲಿಗೆ ಬೀಸಿದಳು. ಅವನು ಉರುಳಿದ. ಹೆಂಗಸರಿಬ್ಬರೂ ಅವನನ್ನು ದಾಟಿ ಹೊರಗೆ ಬಂದರು.

ಅಂಗಳದಲ್ಲಿ ಗಂಡಸರು ಹಾಗೇ ನಿಂತಿದ್ದರು, ಮಾಂಸದ ತುಂಡುಗಳು ಕೈಯಲ್ಲೇ. ಹಿರಿಯ ಅಗಾಜ್ ಅಜ್ಜ, ಅಸ್ಕಾಲೆಯ ಮದುವೆಯ ಪಂಚಾಯ್ತಿಯಲ್ಲಿ ಕೂತವರಲ್ಲಿ ಬದುಕಿ ಉಳಿದಿದ್ದವನು ಅವನೊಬ್ಬನೇ, ಕೈಯಡ್ಡ ಹಿಡಿದ. "ಹಬ್ಬದ ದಿನ ಇದೇನವ್ವ ಅಸ್ಕಾಲೆ? ಮಚ್ಚು ಕೆಳಗಿಡು. ಕೂತು ಮಾತಾಡೋಣ."

"ನೀವು ಕೂತು ಮಾತಾಡಿದ್ದು ಒಂದ್ಸಲ ನೋಡಿದೀನಿ ಅಜ್ಜ," ಎಂದಳು ಅವಳು. "ನಮ್ಮಣ್ಣನ ಹೆಣ ಇನ್ನೂ ಆರಿರಲಿಲ್ಲ. ದಾರಿ ಬಿಡಿ."

ಸಾಹ್ಲೆಯ ಗೆಳೆಯನೊಬ್ಬ ಮುಂದೆ ಬಂದ. ಆಗ ಜೆರ್ಫೆ ತನ್ನ ಬೇಲಿ ದಾಟಿ ಬಂದು ಅಸ್ಕಾಲೆಯ ಪಕ್ಕದಲ್ಲಿ ನಿಂತಳು. ಕೈಯಲ್ಲಿ ಏನೂ ಇರಲಿಲ್ಲ. "ಮುಟ್ಟೋ ನೋಡೋಣ," ಎಂದಳು. "ನಿಮ್ಮವ್ವ ನಿನ್ನನ್ನ ಹೆತ್ತಾಗ ಹೊಕ್ಕುಳ ಬಳ್ಳಿ ಕೊಯ್ದವಳು ನಾನು. ಇವತ್ತು ಬೇರೆ ಏನಾದ್ರೂ ಕೊಯ್ತೀನಿ." ಈ ಸಲ ಯಾರೂ ನಗಲಿಲ್ಲ. ಹುಡುಗ ಹಿಂದೆ ಸರಿದ. ಮೂವರೂ ಬೀದಿಗಿಳಿದಾಗ ಹಿಂದಿನಿಂದ ಕಲ್ಲು ಬಿದ್ದವು. ಒಂದು ಜೆರ್ಫೆಯ ಬೆನ್ನಿಗೆ ತಾಕಿತು. ಉಳಿದ ಹೆಂಗಸರು ಬಾಗಿಲುಗಳಲ್ಲಿ ನಿಂತು ನೋಡಿದರು, ಒಬ್ಬರೂ ಹೊರಗೆ ಬರಲಿಲ್ಲ.

ಅರ್ಧ ದಾರಿಯಲ್ಲಿ ಬಿರ್ಕೆಯ ಅಣ್ಣಂದಿರು ತಮ್ಮ ಕಡೆಯವರ ಜೊತೆ ಸಿಕ್ಕರು. ಹತ್ತು ಹನ್ನೆರಡು ಜನ, ಈಟಿ, ದೊಣ್ಣೆ. ಅವರಿಗೆ ಕಂಡದ್ದು ರಕ್ತ ಹತ್ತಿದ ಮಚ್ಚು ಹಿಡಿದ ದೆಗುವಿನ ಹೆಂಡತಿ. ದೊಡ್ಡವನ ದೊಣ್ಣೆ ಅವಳ ತಲೆಗೆ ಬಿದ್ದ ಮೇಲೆಯೇ ಬಿರ್ಕೆಯ ಕೂಗು ಅವನಿಗೆ ಕೇಳಿದ್ದು: "ಬೇಡ ಅಣ್ಣಾ! ನನ್ನ ಬಿಡಿಸ್ಕೊಂಡು ಬಂದವಳೇ ಇವಳು!" ಅವನು ನಿಂತ. ತಂಗಿಯ ಸೀಳಿದ ತುಟಿ ನೋಡಿದ. ಕೆಳಗೆ ಬಿದ್ದ ಅಸ್ಕಾಲೆ ಅವನ ಹೊದಿಕೆಯ ತುದಿ ಹಿಡಿದುಕೊಂಡು ಬೇಡಿದಳು: "ನಿನ್ನ ತಂಗಿ ಸಿಕ್ಕಿದಾಳಲ್ಲಪ್ಪ. ಹಿಂದಕ್ಕೆ ಹೋಗು. ನಾಳೆ ಪೊಲೀಸಿನವರ ಹತ್ರ ನಾನೇ ಬರ್ತೀನಿ."

ಅವನು ಹೊದಿಕೆ ಕಿತ್ತುಕೊಂಡು ಯೆಜೋರೆಯ ಕಡೆಗೇ ನಡೆದ. ಉಳಿದವರೂ ಹಿಂದೆ ಹೋದರು. ಸ್ವಲ್ಪ ಹೊತ್ತಿಗೆ ನೀಲಗಿರಿ ತೋಪಿನ ಮೇಲೆ ಹೊಗೆ ಎದ್ದಿತು. ಅದು ತನ್ನ ಮನೆಯ ಹುಲ್ಲು ಮಾಡಿನದೆಂದು ಯಾರೂ ಹೇಳದೆ ಅವಳಿಗೆ ತಿಳಿಯಿತು. ಕರುಗಳು ಒಳಗಿದ್ದವು. ಮನೆಯ ಜೊತೆಗೆ ಗುಂಡಿಯ ಪಕ್ಕದ ಎನ್ಸೆಟ್ ತೋಟವನ್ನೂ ಕಡಿದು ಹಾಕಿದರು. ಬಿರ್ಕೆಯ ಕಾಲು ಹಿಡಿದು ಹೊತ್ತಿದ್ದ ಹುಡುಗ, ಇಪ್ಪತ್ತೆರಡರವನು, ಹೊಟ್ಟೆಗೆ ಈಟಿ ತಿಂದು ಮಾರನೆಯ ಬೆಳಿಗ್ಗೆ ಸತ್ತ. ಜೆರ್ಫೆ ಅಂಗಳದಲ್ಲಿ ಎದುರಿಸಿ ನಿಲ್ಲಿಸಿದ್ದವನೇ ಅವನು.

ಹಿರಿಯರು ಮತ್ತೆ ಮರದ ಕೆಳಗೆ ಕೂತರು. ಸತ್ತವನಿಗೆ ದನ, ಸುಟ್ಟ ಮನೆಗೆ ದನ, ಹುಡುಗಿಯನ್ನು ಸಾಹ್ಲೆಗೇ ಕೊಟ್ಟು ಎರಡೂ ಊರು ಒಂದಾಗುವುದು. ಅಸ್ಕಾಲೆ ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ ಹೆಗಲಿಗೂ ತಲೆಗೂ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಳು. ಅಗಾಜ್ ಅಜ್ಜ ಅಲ್ಲಿಗೇ ಬಂದ.

"ಪೊಲೀಸಿನವರ ಮುಂದೆ ಏನೂ ಹೇಳ್ಬೇಡವ್ವ. ಮಗ ಅಲ್ವಾ? ಬೆರಳು ಹೋಯ್ತು, ಸಾಕು ಶಿಕ್ಷೆ."

"ಹುಡುಗಿ ಏನಂತಾಳೆ ಅಂತ ಕೇಳಿದ್ರಾ?"

"ಅವಳನ್ನ ಯಾಕೆ ಕೇಳ್ಬೇಕು?"

ಅಸ್ಕಾಲೆ ಗೋಡೆಯ ಕಡೆಗೆ ಹೊರಳಲು ಹೋದಳು, ಹೆಗಲು ಬಿಡಲಿಲ್ಲ. ಹಾಗಾಗಿ ಅವನ ಮುಖ ನೋಡಿಕೊಂಡೇ ಹೇಳಬೇಕಾಯಿತು: "ಎದ್ದು ಹೋಗಿ ಅಜ್ಜ."

ಕೋರ್ಟಿನಲ್ಲಿ ಬಿರ್ಕೆ ನಡೆದದ್ದನ್ನು ಹೇಳಿದಳು, ಅಸ್ಕಾಲೆಯೂ ಹೇಳಿದಳು. ತಾನು ಬೆಣ್ಣೆ ಹಚ್ಚಿದ್ದನ್ನೂ ಬಿಡದೆ ಹೇಳಿದಳು. ಸಾಹ್ಲೆಯ ಕಡೆಯ ವಕೀಲ ಕೇಳಿದ: "ನಿಮ್ಮ ಮದುವೆಯೂ ಹೀಗೇ ಆದದ್ದಲ್ಲವೇ? ಆಗ ಯಾರ ಮೇಲೆ ದೂರು ಕೊಟ್ಟಿರಿ?"

"ಆಗ ಕೇಳೋರು ಇದ್ದಿದ್ರೆ ಕೊಡ್ತಿದ್ದೆ ಸ್ವಾಮಿ. ಈಗ ನೀವು ಕೇಳ್ತಾ ಇದೀರಿ. ಬರ್ಕೊಳ್ಳಿ. ಹೊತ್ತು ತರಿಸಿದವನು ಅಗೋ, ಮೂರನೇ ಬೆಂಚಲ್ಲಿ ಕೂತಿದಾನೆ."

ದೆಗು ಕುಂಟುತ್ತ ಎದ್ದು ಹೊರಗೆ ಹೋದ. ಆ ಹಳೆಯ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ. ಸಾಹ್ಲೆಗೆ ಏಳು ವರ್ಷವಾಯಿತು, ಈಟಿ ಹಾಕಿದ ಬಿರ್ಕೆಯ ಅಣ್ಣನಿಗೆ ಕೊಲೆಗಾಗಿ ಹದಿನಾಲ್ಕು. ಮಗನ ಬೆರಳು ಕಡಿದದ್ದಕ್ಕೆ ಅಸ್ಕಾಲೆಯನ್ನು ನ್ಯಾಯಾಧೀಶರು ಎಚ್ಚರಿಕೆ ಕೊಟ್ಟು ಬಿಟ್ಟರು.

ಊರು ಅವಳನ್ನು ಬಿಡಲಿಲ್ಲ. ಸತ್ತ ಹುಡುಗನ ತಾಯಿ ಸಂತೆಯಲ್ಲಿ ಎಲ್ಲರೆದುರು ಅಸ್ಕಾಲೆಯ ತಲೆವಸ್ತ್ರ ಕಿತ್ತು ಕೆಸರಿಗೆ ತುಳಿದಳು. "ನಿನ್ನ ಮಗ ಉಳ್ಕೊಂಡ. ನನ್ನವನು? ಸುಮ್ನೆ ಕೂತಿದ್ರೆ ನನ್ನವನೂ ಇರ್ತಿದ್ದ!" ಅಸ್ಕಾಲೆ ಕೆಸರಾದ ತಲೆವಸ್ತ್ರ ಎತ್ತಿಕೊಂಡು ನಡೆದಳು. ಸುಮ್ಮನೆ ಕೂತಿದ್ದರೆ ಆ ಹುಡುಗ ಇರುತ್ತಿದ್ದನೆ? ಇರುತ್ತಿದ್ದನೇನೋ. ಅಣ್ಣಂದಿರು ಹೇಗೂ ಬರುತ್ತಿದ್ದರೇನೋ. ಬಟ್ಟೆ ಒಗೆಯುವಾಗಲೂ ರೊಟ್ಟಿ ತಟ್ಟುವಾಗಲೂ ಅವಳು ಇದನ್ನು ಹಿಂದುಮುಂದು ತಿರುಗಿಸಿ ನೋಡಿದ್ದಾಳೆ. ಸಮಾಧಾನ ಆಗುವಂಥದು ಏನೂ ಸಿಕ್ಕಿಲ್ಲ. ಬಿರ್ಕೆಯನ್ನು ವಾಪಸ್ಸು ಬಿಟ್ಟದ್ದು ತಪ್ಪೆಂದು ಮಾತ್ರ ಒಂದು ದಿನವೂ ಅನ್ನಿಸಿಲ್ಲ.

ದೆಗು ಅವಳನ್ನು ಮತ್ತೆ ಕರೆಯಲಿಲ್ಲ, ಅವಳೂ ಹೋಗಲಿಲ್ಲ. ಸಂತೆಯ ಊರಲ್ಲಿ ಒಂದು ಕೋಣೆ ಹಿಡಿದು ಕೋಚೋ ಮಾರಿ ಬದುಕಿದಳು. ಬಿರ್ಕೆ ಓದು ಮುಗಿಸಿ ದೂರದ ಊರಲ್ಲಿ ಮೇಡಂ ಆದಳು. ಒಮ್ಮೆ ರಜೆಗೆ ಬಂದಾಗ ಸಂತೆಯಲ್ಲಿ ಎದುರಾದಳು. ಅಸ್ಕಾಲೆ ನಕ್ಕಳು. ಬಿರ್ಕೆ ತಲೆಯಾಡಿಸಿದಳು ಅಷ್ಟೇ, ಮಾತಾಡದೆ ಹೋದಳು. ಜೆರ್ಫೆಗೆ ಸಿಟ್ಟು ಬಂತು. "ಏನು ಸೊಕ್ಕು! ನೀನು ಇಲ್ದಿದ್ರೆ ಎಲ್ಲಿರ್ತಿದ್ಲು?"

"ನನ್ನ ಮುಖ ಕಂಡ್ರೆ ಅವಳಿಗೆ ಏನು ನೆನಪಾಗುತ್ತೋ," ಎಂದಳು ಅಸ್ಕಾಲೆ. "ಬಿಡು. ಅವಳು ನನಗೇನೂ ಬಾಕಿ ಇಲ್ಲ."

ತಿಂಗಳಿಗೊಮ್ಮೆ ಜೈಲಿಗೆ ಹೋಗಿ ಕಾಯುತ್ತಿದ್ದಳು. ಮೊದಲ ವರ್ಷ ಸಾಹ್ಲೆ ಹೊರಗೆ ಬರಲೇ ಇಲ್ಲ. ಎರಡನೆಯ ವರ್ಷ ಬಂದ, ಬೆನ್ನು ತಿರುಗಿಸಿ ನಿಂತ. ಮೂರನೆಯ ಮೆಸ್ಕಲ್ ದಿನ ಅವಳು ಕಿತ್ಫೋ ಕಟ್ಟಿಕೊಂಡು ಹೋದಳು. ಕಾವಲಿನವನು ಬಿಚ್ಚಿ ನೋಡಿ ಒಳಗೆ ಕೊಟ್ಟ. ಸಾಹ್ಲೆ ಕಂಬಿಯ ಆಚೆ ಕುಕ್ಕರಗಾಲಲ್ಲಿ ಕೂತು ಎಡಗೈಯಿಂದ ತಿಂದ. ಅರ್ಧ ತಿಂದ ಮೇಲೆ ತಲೆಯೆತ್ತದೆ ಕೇಳಿದ:

"ಅಪ್ಪ ನಿಂಗೆ ಹೊಡೀತಿದ್ದಾಗ ನಾನು ಅಡ್ಡ ಬರ್ತಿದ್ದೆ. ನೆನಪಿದ್ಯಾ?"

"ಇದೆ."

"ಆವತ್ತು ಅವಳಿಗೆ ಹೊಡೆದಾಗ ಅದು ನಂಗೆ ನೆನಪೇ ಆಗ್ಲಿಲ್ಲವ್ವ."

ಅವಳು ಕಂಬಿಯ ಸಂದಿಯಲ್ಲಿ ಕೈ ಹಾಕಿದಳು. ಅವನು ಆ ಕೈಯನ್ನು ಹಿಡಿಯಲಿಲ್ಲ, ದೂರ ತಳ್ಳಲೂ ಇಲ್ಲ. ಉಳಿದದ್ದನ್ನು ತಿಂದು ಮುಗಿಸಿದ.

ಬಿಡುಗಡೆಯಾದ ಮೇಲೆ ಅವನು ಊರಿಗೆ ಬರದೆ ಅದಿಸ್ಸಿಗೆ ಹೋದ. ಅಲ್ಲಿ ಒಬ್ಬಳನ್ನು ಮದುವೆಯಾದನಂತೆ. ಅಸ್ಕಾಲೆಗೆ ತಿಳಿದದ್ದು ಬೇರೆಯವರ ಬಾಯಿಂದ. ಸುದ್ದಿ ತಂದವನನ್ನು ಅವಳು ಕೂರಿಸಿ ಕಾಫಿ ಕೊಟ್ಟು ಕೇಳಿದ್ದು ಒಂದೇ: "ಆ ಹುಡುಗಿ ಒಪ್ಪಿ ಬಂದ್ಲಾ?"

"ಒಪ್ಪೇ ಬಂದಿದಾಳೆ ಅಮ್ಮ. ಅವಳೇ ಮೊದಲು ಮಾತಾಡಿಸಿದ್ದಂತೆ."

ಅಸ್ಕಾಲೆ ಅವನಿಗೆ ಇನ್ನೊಂದು ಬಟ್ಟಲು ಕಾಫಿ ಬಗ್ಗಿಸಿದಳು.